ಸಜ್ಜದ ಮೇಲೆ ಸಿಕ್ಕಿಬಿದ್ದ ಅಧ್ಯಕ್ಷ

ನಾನು ನಿಂತಿದ್ದುದು ಬಸವೇಶ್ವರನಗರದ ನಮ್ಮದೇ ಮನೆಯಲ್ಲಿ, ಮಹಡಿ ಕೋಣೆಯ ಕಿಟಕಿಯ ಮೇಲಿನ ಸಜ್ಜದ ಮೇಲೆ. 2008ರ ಆಷಾಢದ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಗಾಳಿಗೆ ಹಾರಿ ಬಿದ್ದ ಹೆಂಡತಿಯ ರೇಷ್ಮೆ ರವಿಕೆಯನ್ನು ತರಲು ತಾರಸಿಯಿಂದ ಕೆಳಗಿಳಿದಿದ್ದೆ. ಇಳಿಯುವುದು ಸುಲಭವಾಯಿತು. ಮತ್ತೆ ಹತ್ತುವುದಕ್ಕೆ ನನ್ನ ಹೊಟ್ಟೆ ಒಪ್ಪಲಿಲ್ಲ. ಲುಂಗಿ, ಬನಿಯನ್, ಕಿವಿ ಮುಚ್ಚುವಂತೆ ತಲೆಗೆ ಸುತ್ತಿದ ಟವೆಲ್ಲು. ಬೀದಿಗೆ ಬೆನ್ನು, ತಾರಸಿಯ ಅಂಚಿಗೆ ಕೈ. ಎದುರು ಮನೆಯ ಕಮಲಮ್ಮ ಹೊರಗೆ ಬಂದವರು ಕತ್ತೆತ್ತಿ ನೋಡಿದರು.

"ಕಳ್ಳ! ಕಳ್ಳ!"

"ನಾನು ಕಣ್ರೀ, ಮೂರ್ತಿ!"

"ಅಯ್ಯಯ್ಯೋ, ಮನೆಯವರ ಹೆಸ್ರೂ ತಿಳ್ಕೊಂಡೇ ಬಂದಿದಾನೆ! ಮೂರ್ತಿಯವ್ರಾಗಿದ್ರೆ ಬಾಗ್ಲಲ್ಲಿ ಬರ್ತಿದ್ರು ಕಣೋ!" ಎಂದವರೇ ವಿಸಿಲ್ ಊದಿದರು.

ಆ ವಿಸಿಲ್ ಕೊಟ್ಟವನು ನಾನೇ. ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷನಾಗಿ ಮನೆಗೊಂದರಂತೆ ಹಂಚಿ, ನಿಯಮವನ್ನೂ ಮಾಡಿದ್ದೆ: ವಿಸಿಲ್ ಕೇಳಿದವರು ಬಾಗಿಲು ಭದ್ರಪಡಿಸಿಕೊಂಡು ತಾವೂ ಊದಬೇಕು. ಸಭೆ ಕರೆದರೆ ಒಬ್ಬರೂ ಬಾರದ ಬೀದಿ ಅಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತು. ಏಣಿ ತರಬೇಕಾದವರೆಲ್ಲ ಚಿಲಕ ಹಾಕಿಕೊಂಡು ಊದುತ್ತಿದ್ದರು. ನನ್ನ ಕಾಲ ಕೆಳಗಿನ ಕಿಟಕಿಯೂ ಧಡ್ ಎಂದು ಮುಚ್ಚಿತು. ಒಳಗಿಂದ ನನ್ನ ಹೆಂಡತಿಯ ವಿಸಿಲ್ ಎಲ್ಲರದಕ್ಕಿಂತ ಜೋರಾಗಿ ಕೇಳಿಸಿತು. ಕೈ ಜಾರುತ್ತಿತ್ತು. ಕಾಲು ಮುರಿಯುವುದು ಖಂಡಿತ ಎಂದುಕೊಂಡೆ.

ಉಳಿಸಿದವಳು ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮಗಳು ಶ್ರುತಿ. ತಾರಸಿಗೆ ಓಡಿಬಂದು ಇಣುಕಿ, "ಅಮ್ಮಾ, ಊದ್ಬೇಡ! ಅಪ್ಪ!" ಎಂದು ಕಿರುಚಿ ಏಣಿ ತರಿಸಿದಳು.

ಸಂಜೆ ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ಅವಳೆಂದಳು: "ಆಂಟೀದು ತಪ್ಪಿಲ್ಲ ಅಪ್ಪ. ನಮ್ ಜೀವಕೋಶದೊಳಗೂ ಇಂಥ ಕಾವಲು ಪ್ರೋಟೀನ್‌ಗಳಿವೆ. ವೈರಸ್ ನುಗ್ಗಿ ತನ್ನ ಡಿಎನ್‌ಎನೋ ಆರ್‌ಎನ್‌ಎನೋ ಬಿಟ್ರೆ ಹಿಡಿಯೋದು ಅವೇ. ನಮ್ ಡಿಎನ್‌ಎ ಇರೋದು ಕೋಶದ ನಡುಮನೇಲಿ, ನ್ಯೂಕ್ಲಿಯಸ್‌ನಲ್ಲಿ. ಅದರಾಚೆ ಡಿಎನ್‌ಎ ಕಂಡ್ರೆ ಯಾರು ಏನು ಅಂತ ಕೇಳಲ್ಲ, ಕೂಗ್ತವೆ. ಆಗ ಇಂಟರ್‌ಫೆರಾನ್ ಅನ್ನೋದು ಹೊರಟು, ಅಕ್ಕಪಕ್ಕದ ಕೋಶಗಳಿಗೆ 'ಬಾಗ್ಲು ಹಾಕ್ಕೊಳ್ಳಿ' ಅಂತ ಹೇಳುತ್ತೆ."

"ನಮ್ಮದೇ ಡಿಎನ್‌ಎ ಆಚೆ ಬಿದ್ದಿದ್ರೆ?"

"ಅದಕ್ಕೂ ಕೂಗಿಬಿಡಬಹುದು. ಆಗ ಮೈಗೆ ಮೈಯೇ ಹೊಡೆಯುತ್ತೆ. ಅದೂ ಒಂದು ಕಾಯಿಲೆ. ಇವತ್ತು ನಮ್ ಬೀದಿಗೆ ಬಂದಿದ್ದು ಅದೇ."

ಮುಂದಿನ ಸಭೆಯಲ್ಲಿ ನಿಯಮ ಬದಲಿಸೋಣ ಎಂದೆ. "ಯಾಕ್ ಸಾರ್? ಚೆನ್ನಾಗೇ ಕೆಲ್ಸ ಮಾಡ್ತಲ್ಲ!" ಎಂದರು ಕಮಲಮ್ಮ.

ಅಂದು ನನ್ನನ್ನು ಸಜ್ಜದ ಮೇಲೆ ಕಂಡವರಲ್ಲಿ ಇಂದಿಗೂ ಇರುವವರು ನನ್ನ ಹೆಂಡತಿ, ಶ್ರುತಿ ಮತ್ತು ಕಮಲಮ್ಮ. ಕಮಲಮ್ಮನವರಿಗೆ ಈಗ ಕಣ್ಣು ಅಷ್ಟಾಗಿ ಕಾಣಿಸದು. ವಿಸಿಲ್ ಮಾತ್ರ ಕೊರಳಲ್ಲೇ ಇದೆ. ಹಾಗಾಗಿ ನಾನು ನಮ್ಮ ಮನೆಯ ಗೇಟಿನಲ್ಲಿ ಗಟ್ಟಿಯಾಗಿ ಕೆಮ್ಮಿ, ಹೆಸರು ಹೇಳದೆ, ಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ.