ಪೆಟ್ಟಿಗೆಯ ಮೇಲಿನ ಗೂಳಿಯವರಲ್ಲಿ ಒಂದು ತಕರಾರು

ಇಚಲಕರಂಜಿ,
ಭಾದ್ರಪದ ಶುದ್ಧ ತೃತೀಯೆ, ೧೯೩೮

ಮಾನ್ಯ ಗೂಳಿಯವರೇ,

ತಮ್ಮ ಕೊಂಬುಗಳಿಗೂ, ಡುಬ್ಬಕ್ಕೂ, ತಮ್ಮ ಚಿತ್ರದ ಕೆಳಗೆ ಕೆಂಪು ಮಸಿಯಲ್ಲಿ ಅಚ್ಚಾಗಿರುವ ‘ಗಂಡಸರಿಗೆ ಮಾತ್ರ’ ಎಂಬ ಮಾತಿಗೂ ಸಾಷ್ಟಾಂಗ ನಮಸ್ಕಾರಗಳು. ನಾನು ಈ ಊರಿನಲ್ಲಿ ಸೀರೆ ವ್ಯಾಪಾರ ಮಾಡುವ ಜಿನಗೊಂಡ ಆದಗೊಂಡ ಪಾಟೀಲ, ವಯಸ್ಸು ಐವತ್ತಮೂರು, ಹುಟ್ಟಿದಾಗಿನಿಂದ ಉಳ್ಳಾಗಡ್ಡಿ, ಬಟಾಟಿ ಮುಟ್ಟದವನು, ಹೊತ್ತು ಮುಳುಗಿದ ಮೇಲೆ ಉಣ್ಣದವನು. ಅಂಥವನು ತಮ್ಮನ್ನು ದಿನಕ್ಕೆ ಎರಡರಂತೆ ಎರಡು ತಿಂಗಳು ನುಂಗಿದ್ದೇನೆ ಎಂಬುದೇ ಈ ಬಹಿರಂಗ ಪತ್ರದ ಕಾರಣ.

ಆದದ್ದು ಇಷ್ಟು. ನಲವತ್ತು ದಾಟಿದ ಗಂಡಸಿನ ಮೈಯಲ್ಲಿ ಹಾರ್ಮೋನು ಎಂಬ ರಸ ಬತ್ತುತ್ತದೆಂದೂ, ಊಟವಾದೊಡನೆ ನಿದ್ದೆ ಬರುವುದು, ಸಣ್ಣ ಮಾತಿಗೆ ಸಿಟ್ಟೇರುವುದು, ಛತ್ರಿ ಎಲ್ಲಿಟ್ಟೆನೆಂದು ಮರೆಯುವುದು ಅದರ ಲಕ್ಷಣಗಳೆಂದೂ ಒಂದು ಮರಾಠಿ ಪತ್ರಿಕೆಯಲ್ಲಿ ಜಾಹೀರಾತು ಬಂತು. ಈ ಮೂರೂ ನನಗೆ ಮದುವೆಯಾದಂದಿನಿಂದ ಇವೆ. ಕೂಡಲೇ ಕೊಲ್ಲಾಪುರಕ್ಕೆ ಹೋದೆ. ಔಷಧದಂಗಡಿಯ ಕಪಾಟಿನ ತುಂಬ ರಸ ತುಂಬುವ ಗುಳಿಗೆಗಳೇ. ಒಂದರ ಮೇಲೆ ಹುಲಿ, ಒಂದರ ಮೇಲೆ ಪೈಲವಾನ, ಒಂದರ ಮೇಲೆ ತಾವು. ಗೂಳಿ ಎಂದರೆ ನಮ್ಮ ಮೊದಲ ತೀರ್ಥಂಕರ ಆದಿನಾಥರ ಲಾಂಛನ, ಬಸದಿಯಲ್ಲಿ ಅವರ ಪೀಠದ ಮೇಲೆ ತಮ್ಮನ್ನು ನೋಡಿಯೇ ಬೆಳೆದವನು ನಾನು. ಆದ್ದರಿಂದ ಇದು ಯಾರೋ ಧರ್ಮಿಷ್ಠ ಜೈನ ಗೃಹಸ್ಥರ ಕಾರಖಾನೆಯ ಮಾಲು, ಇದರಲ್ಲಿ ಗಿಡಮೂಲಿಕೆಯಲ್ಲದೆ ಬೇರೇನೂ ಇರಲಾರದು ಎಂದು ತೀರ್ಮಾನಿಸಿ, ಅಂಗಡಿಯಲ್ಲೇ ಚಪ್ಪಲಿ ಕಳಚಿ ತಮಗೆ ಕೈಮುಗಿದೆ. ನನ್ನ ಬೇನೆ ಭಾಳ ಮುಂದುವರಿದಿದೆಯೆಂದು ತಿಳಿದ ಅಂಗಡಿಯವನು ಎರಡು ಪೆಟ್ಟಿಗೆ ಹೆಚ್ಚಿಗೆ ಕಟ್ಟಿಕೊಟ್ಟ.

ತಮ್ಮ ಪ್ರತಾಪವನ್ನು ಎಷ್ಟೆಂದು ಹೊಗಳಲಿ. ಹದಿನೈದು ದಿನಕ್ಕೆ ನನ್ನ ದನಿ ದಪ್ಪವಾಯಿತು, ಮಾಳಿಗೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತತೊಡಗಿದೆ, ಇಲ್ಲೇ ಸಮೀಪದ ಬಾಹುಬಲಿ ಬೆಟ್ಟವನ್ನಂತೂ ಎಲ್ಲಿಯೂ ಕೂರದೆ ಏರಿದೆ. ನಡುದಾರಿಯಲ್ಲಿ ಕಲ್ಲಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ ಬಸದಿಯ ಪಂಚರಾದ ಕಾಕಾಸಾಹೇಬರು ಗುಟ್ಟೇನೆಂದು ಕೇಳಿದರು, ಹೇಳಿಬಿಟ್ಟೆ. ಈಗ ಅವರೂ ತಮ್ಮನ್ನು ನುಂಗುತ್ತಿದ್ದಾರೆ. ಇದು ಬಹಿರಂಗ ಪತ್ರವಾದರೂ ಅವರೊಬ್ಬರು ಮಾತ್ರ ಓದಬಾರದೆಂದು ನನ್ನ ವಿನಂತಿ.

ಆರು ದಿನದ ಹಿಂದೆ ನನ್ನ ಹೆಂಡತಿ ರತ್ನಮಾಲಾಳ ತಮ್ಮ ಧರಣೇಂದ್ರ ಬಂದ. ಕೊಲ್ಲಾಪುರದಲ್ಲಿ ಕಾಲೇಜು ಕಲಿಯುವ ಆ ಮಹಾಶಯ ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯನ್ನು ಒಮ್ಮೆ ಓದಿದ, ಮತ್ತೊಮ್ಮೆ ಓದಿದ, ಆಮೇಲೆ ದಾಜಿ, ಇದು ಗಿಡದ್ದಲ್ರೀ, ಹೋರಿದ ಐತಿ ಎಂದ. ಹೋರಿಯ ಯಾವ ಭಾಗದ್ದೆಂದು ಅಕ್ಕನ ಮುಂದೆ ಹೇಳಲಾರದೆ ನೆಲ ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು. ನನ್ನ ಹಿತ್ತಾಳೆ ತಾಟನ್ನು ಒಳಗಿಟ್ಟು ಅಡಿಗೆಮನೆಗೆ ಚಿಲಕ ಹಾಕಿದಳು. ಅಂದಿನಿಂದ ನಾನು ಹೊರಗಿನ ಕಟ್ಟೆಯ ಮೇಲೆ, ಓಣಿಯ ಮಂದಿಯೆಲ್ಲ ನೋಡುವಂತೆ, ಪತ್ರಾವಳಿಯಲ್ಲಿ ಉಣ್ಣುತ್ತಿದ್ದೇನೆ. ನಾಡಿದ್ದು ದಶಲಕ್ಷಣ ಪರ್ವ ಶುರು. ಅಷ್ಟರೊಳಗೆ ಯಾವ ಜೀವಕ್ಕೂ ನೋವಾಗಿಲ್ಲವೆಂದು ಸಿದ್ಧ ಮಾಡಿ ತೋರಿಸದಿದ್ದರೆ ಆ ಹತ್ತೂ ದಿನ ನನಗೆ ಕಟ್ಟೆಯೇ ಗತಿ. ಮೂವತ್ತು ವರ್ಷ ಅವಳ ಒಲೆಯ ಮುಂದೆ ಕೂತು ಬಿಸಿರೊಟ್ಟಿ ಉಂಡವನಿಗೆ ಆರಿದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಖರೇ ಹೇಳುತ್ತೇನೆ, ಭಾಳ ಸಂಕಟವಾಗುತ್ತದೆ.

ಆದಕಾರಣ ತಾವು ಇದನ್ನು ಸ್ವಸಂತೋಷದಿಂದ ಔಷಧದಾನವಾಗಿ ಕೊಟ್ಟದ್ದೆಂದು ಬರೆದು, ಕೆಳಗೆ ಗೊರಸು ಒತ್ತಿ ಕಳಿಸಬೇಕು. ನಮ್ಮ ಶೇಠಜಿಗಳು ಎರಡು ಬಾಟಲಿ ಕಷಾಯ ದಾನ ಮಾಡಿ ಬಸದಿಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳುತ್ತಾರೆ. ತಾವು ಕೊಟ್ಟದ್ದನ್ನು ಕೊಟ್ಟ ದಾನಿ ಈ ಸೀಮೆಯಲ್ಲೇ ಇಲ್ಲ. ಬರೆಯಲು ಬಾರದಿದ್ದರೆ ಖುದ್ದು ಬರಬೇಕು. ಹಾತಕಣಂಗಲೆ ಸ್ಟೇಷನ್ನಿಗೆ ಬಂಡಿ ಕಳಿಸುತ್ತೇನೆ. ಬಂಡಿ ಎಳೆಯುವ ಎತ್ತುಗಳ ಸ್ಥಿತಿಯ ಬಗ್ಗೆ ಮಾತ್ರ ದಯವಿಟ್ಟು ಏನನ್ನೂ ಕೇಳಬಾರದು. ನಮ್ಮ ಅಂಗಳದಲ್ಲಿ ಒಂದು ಸುತ್ತು ತಿರುಗಿ, ತಮ್ಮದೇನೂ ಕಡಿಮೆಯಾಗಿಲ್ಲವೆಂದು ರತ್ನಮಾಲಾಳಿಗೆ ತೋರಿಸಿ, ಹಿಂಡಿ ಹತ್ತಿಕಾಳು ತಿಂದು ಹೋಗಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ಕಟ್ಟೆಯ ಮೇಲಿನ ಜಿನಗೊಂಡ

ತಾ.ಕ.: ಅಂಚೆಗೆ ಹಾಕುವ ಮೊದಲು ಧರಣೇಂದ್ರ ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದ. ಅವಳು ದನಿ, ಮೆಟ್ಟಿಲು, ಬೆಟ್ಟ ಎಲ್ಲವನ್ನೂ ಕೇಳಿ, ಎರಡ ತಿಂಗಳಿಂದ ನಾನೂ ನೋಡಾಕತ್ತೇನಿ, ಅದರಾಗ ಹೋರಿ ಇದ್ದಿದ್ರ ನನಗ ಗೊತ್ತಾಗತಿರಲಿಲ್ಲೇನು, ಬರೇ ಹಿಟ್ಟ ಐತಿ, ಒಳಗ ಬರ್ರಿ ಎಂದು ಹಿತ್ತಾಳೆ ತಾಟು ಇಟ್ಟಳು. ವಾದ ಮಾಡಿದ್ದರೆ ಗಂಡಸುತನ ಉಳಿದು ರೊಟ್ಟಿ ಹೋಗುತ್ತಿತ್ತು. ಹೌದು, ಬರೇ ಹಿಟ್ಟು ಎಂದು ಒಪ್ಪಿ ಉಂಡೆ. ಬಂಡಿಯನ್ನು ರದ್ದು ಮಾಡಿದ್ದೇನೆ. ತಾವು ಯಾವ ಕಾರಣಕ್ಕೂ ಬರಬಾರದು. ತಮ್ಮನ್ನು ನೋಡಿದರೆ ಅವಳಿಗೆ ಹೋಲಿಸುವ ಮನಸ್ಸಾದೀತು.