ಸೋರುವ ಎಂಜಿನ್ನಿನ ಕಡೆಯಿಂದ, ಗಾಳ ಹಾಕುವ ಸಾಹೇಬರಿಗೆ

ದೋಣಿಕಟ್ಟೆಯ ನೀರಿನ ನೈರ್ಮಲ್ಯವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ, ಒಂದೇ ಒಂದು ತೊಟ್ಟು ಎಣ್ಣೆಯನ್ನು ಕಚೇರಿಯ ಕಿಟಕಿಯಿಂದಲೇ ಗುರುತಿಸಬಲ್ಲ ಸೂಕ್ಷ್ಮ ದೃಷ್ಟಿಯ ಜಲಶುದ್ಧಿ ಅಧಿಕಾರಿಗಳ ಸನ್ನಿಧಾನಕ್ಕೆ, ಅದೇ ಕಟ್ಟೆಯಲ್ಲಿ ಜನರನ್ನು ಆಚೆ ದಡಕ್ಕೂ ಈಚೆ ದಡಕ್ಕೂ ದಾಟಿಸಿ ಹೊಟ್ಟೆ ಹೊರೆಯುವ ದೋಣಿಯವಳು ಕೈಮುಗಿದು ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಇವತ್ತು ಬೆಳಗ್ಗೆಯೂ ನನ್ನ ದೋಣಿಯ ಮುಂದಿನ ಹಲಗೆಯ ಮೇಲೆ ಕರವಸ್ತ್ರ ಹಾಸಿ ಕೂತು, ಆಚೆ ದಡದ ತಮ್ಮ ಮನೆಯಿಂದ ಈಚೆ ದಡದ ಕಚೇರಿಗೆ ಸುಖವಾಗಿ ಬಂದಿಳಿದಿದ್ದೀರಿ. ನಮ್ಮ ಕ್ಷೇಮ ಮಾತ್ರ ತಮ್ಮ ಪೆನ್ನಿನ ತುದಿಯಲ್ಲಿದೆ. ನನ್ನ ಎಂಜಿನ್ನಿನಿಂದ ಎಣ್ಣೆ ಸೋರಿ ನೀರು ಕೆಡುತ್ತಿದೆಯಾದ್ದರಿಂದ ದೋಣಿಯ ಪರವಾನಗಿಯನ್ನು ಯಾಕೆ ರದ್ದುಪಡಿಸಬಾರದು ಎಂದು ಕೇಳಿ ತಾವು ಕಟ್ಟೆಯ ಕಂಬಕ್ಕೆ ನೋಟೀಸು ಅಂಟಿಸಿದ್ದೀರಿ, ಸೋಮವಾರ ವಿಚಾರಣೆಯಂತೆ. ಊರಿಗೆಲ್ಲ ಕಾಣುವಂತೆ ಕೇಳಿದ ಪ್ರಶ್ನೆಗೆ ಮೂಲೆಯಲ್ಲಿ ನಿಂತು ಪಿಸುಗುಟ್ಟುವುದು ಸಭ್ಯತೆಯಲ್ಲವೆಂದು ತಿಳಿದು, ನನ್ನ ಉತ್ತರವನ್ನೂ ಅದೇ ಕಂಬಕ್ಕೆ ತಮ್ಮ ನೋಟೀಸಿನ ಪಕ್ಕದಲ್ಲೇ ಅಂಟಿಸಿದ್ದೇನೆ. ಈ ಪರವಾನಗಿ ಹೋದರೆ ನಮ್ಮ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಏಕೆಂದರೆ ನಮ್ಮ ಯಜಮಾನರು ದರ್ಜಿ, ಮತ್ತು ಈ ಊರಿನವರು ಬಟ್ಟೆ ಹರಿದರೆ ಹರಿದದ್ದನ್ನೇ ಉಟ್ಟುಕೊಂಡು ಓಡಾಡುವ ಸರಳ ಜೀವಿಗಳು.

ಎಂಜಿನ್ನು ಸೋರುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದೋಣಿಯ ಹಿಂಬದಿಗೆ ಕಚ್ಚಿಸಿರುವ ಆ ಎಂಜಿನ್ನು ನನ್ನ ಅಪ್ಪನ ಕಾಲದ್ದು. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ, ಮಾರಿದ ಅಂಗಡಿಯಲ್ಲಿ ಈಗ ಚಪ್ಪಲಿ ಮಾರುತ್ತಿದ್ದಾರೆ, ಆದರೂ ಹಗ್ಗ ಎಳೆದರೆ ಎರಡು ಸಲ ಕೆಮ್ಮಿ ಎದ್ದು ಕೂರುತ್ತದೆ, ಆದ್ದರಿಂದ ಮನೆಯಲ್ಲಿ ಅದನ್ನು ತಾತ ಎಂದೇ ಕರೆಯುತ್ತೇವೆ. ತಾತನ ಪಾದ ಸದಾ ನೀರಿನಲ್ಲಿ. ಆ ಪಾದದೊಳಗೆ ಗೇರುಗಳು, ಗೇರುಗಳಿಗೆ ದಪ್ಪನೆಯ ಎಣ್ಣೆ, ಅಲ್ಲಿಂದ ಹೊರಬರುವ ಶಾಫ್ಟಿನ ತುದಿಗೆ ನೀರನ್ನು ಹಿಂದಕ್ಕೆ ತಳ್ಳುವ ಫ್ಯಾನು. ಫ್ಯಾನಿನ ಹಿಂದೆ, ಎಳೆಗೂಸಿನ ಬಳೆಯಷ್ಟೇ ಇರುವ ಒಂದು ರಬ್ಬರಿನ ಸೀಲು ಕೂತು, ಎಣ್ಣೆಯನ್ನು ಹೊರಗೆ ಬಿಡದೆ ನೀರನ್ನು ಒಳಗೆ ಬಿಡದೆ ಕಾಯುತ್ತದೆ. ಆ ಬಡಪಾಯಿ ಸೀಲು ಕೈಕೊಟ್ಟಿತ್ತು. ಕೆಳಗಿನ ತಿರುಪು ಬಿಚ್ಚಿ ನೋಡಿದಾಗ ನೀರು ಹೊಕ್ಕ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಇನ್ನು ತಡಮಾಡಬಾರದೆಂದುಕೊಂಡೆ, ಏಕೆಂದರೆ ಹಾಗೆಯೇ ಬಿಟ್ಟಿದ್ದರೆ ಗೇರುಗಳು ತುಕ್ಕು ಹಿಡಿದು ಒಂದು ದಿನ ನಡುನೀರಿನಲ್ಲಿ, ಮಕ್ಕಳುಮರಿ ಸಮೇತ, ತಾವೂ ಕೂತಿರುವಾಗ, ತಾತ ಕಣ್ಣು ಮುಚ್ಚುತ್ತಿದ್ದ.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ದೋಣಿ ದಡಕ್ಕೆ ಬರುತ್ತಿದ್ದಂತೆ ತಾವು ಮೆಟ್ಟಿಲಿಳಿದು ಬಂದು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಗಾಜಿನ ಶೀಶೆಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದು, ಅದರಲ್ಲಿ ಕಾಮನಬಿಲ್ಲು ಕಂಡಾಗ ತಮ್ಮ ಮುಖದಲ್ಲಿ ಮೂಡುತ್ತಿದ್ದ ಸಂತೋಷವನ್ನು ನಾನು ನೋಡಿದ್ದೇನೆ. ಮೊದಲ ಮೊಮ್ಮಗುವನ್ನು ಎತ್ತಿಕೊಂಡವರ ಮುಖದಲ್ಲೂ ಅಂಥ ಸಂತೋಷ ನಾನು ಕಂಡಿಲ್ಲ. ನಮ್ಮ ಯಜಮಾನರಂತೂ ಆ ಶೀಶೆಗೆ ಹೆದರಿ, ಹಳೆಯ ಕಂಬಳಿಯನ್ನು ಕತ್ತರಿಸಿ, ಇಬ್ಬದಿಗೂ ಲಾಡಿ ಇಟ್ಟು, ಸೋರಿದ ಎಣ್ಣೆಯನ್ನು ಹೀರಿಕೊಳ್ಳಲೆಂದು ತಾತನಿಗೆ ಒಂದು ಚಡ್ಡಿ ಹೊಲಿದುಕೊಟ್ಟರು. ಹೊಲಿಗೆ ಅಚ್ಚುಕಟ್ಟಾಗಿತ್ತು, ನಾನೇ ಕಟ್ಟಿದೆ. ಎಂಜಿನ್ನಿಗೆ ಅನುಮತಿಯಿಲ್ಲದ ಹೊದಿಕೆ ತೊಡಿಸಲಾಗಿದೆ ಎಂದು ತಾವು ಅದಕ್ಕೂ ಒಂದು ನೋಟೀಸು ಕೊಟ್ಟು ಉಪಕರಿಸಿದಿರಿ.

ಆಮೇಲೆ ರಿಪೇರಿಯ ಮೇಸ್ತ್ರಿಯನ್ನು ಕರೆಸಿದೆ. ಏನು ಕೇಳಿದರೂ "ಆಗುತ್ತೆ ಬಿಡಿ ಅಕ್ಕಾ" ಎನ್ನುವುದರಿಂದ ಆತನಿಗೆ ಆಗುತ್ತೆ ಮೇಸ್ತ್ರಿ ಎಂದೇ ಹೆಸರು ಬಿದ್ದಿದೆ. ಮೊದಲ ಸಲ ಬಂದವನು ಕೆಳಗಿನ ತಿರುಪಿನ ವಾಷರ್ ಬದಲಿಸಿ, ಅಂಗೈಯಿಂದ ತಾತನ ಬೆನ್ನು ತಟ್ಟಿ ಹೋದ, ಸೋರುವುದು ನಿಲ್ಲಲಿಲ್ಲ. ಎರಡನೆಯ ಸಲ ಫ್ಯಾನು ಕಳಚಿ ಹೊಸ ಸೀಲು ಕೂರಿಸಿದ, ನಿಂತಿತು. ನಾನು ನೆಮ್ಮದಿಯಿಂದ ಉಸಿರು ಬಿಟ್ಟೆ, ತಾವು ಶೀಶೆ ಹಿಡಿದು ಬಂದು ಕಾಮನಬಿಲ್ಲಿಲ್ಲದೆ ಸಪ್ಪೆ ಮುಖ ಮಾಡಿಕೊಂಡು ಹೋದಿರಿ. ವಾರ ತುಂಬುವುದರೊಳಗೆ ಮತ್ತೆ ಶುರುವಾಯಿತು. ಮೂರನೆಯ ಸಲ ಮತ್ತೊಂದು ಸೀಲು ಹಾಕಿದ ಮೇಸ್ತ್ರಿ "ವಯಸ್ಸಾಯ್ತು ಅಕ್ಕಾ, ಮನುಷ್ಯರಿಗೇ ಸೋರುತ್ತೆ" ಎಂದು ವೇದಾಂತ ಹೇಳಿದ, ಅದೂ ಸೋರಿತು. ಅವನನ್ನು ಬಯ್ದೆ, ಯಜಮಾನರನ್ನು ಬಯ್ದೆ, ಸತ್ತುಹೋದ ಅಪ್ಪನನ್ನೂ ಒಂದು ಮಾತು ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನಾನೂ ತಮಗಿಂತ ಕಡಿಮೆಯವಳಲ್ಲ.

ಕಡೆಗೆ ಬುದ್ಧಿ ಹೇಳಿದ್ದು ನಮ್ಮ ಅತ್ತೆ. ಅವರು ಎಂಜಿನ್ನನ್ನು ಮುಟ್ಟಿದವರಲ್ಲ, ಜಗಲಿಯ ಮೇಲೆ ಕೂತು ನಾವು ಮುಟ್ಟುವುದನ್ನು ನೋಡಿ ಆಡಿಕೊಳ್ಳುವವರು. "ಮೂಗು ಒರೆಸಿದ್ದೂ ಒರೆಸಿದ್ದೇ ಆಯ್ತಲ್ಲೇ, ನೆಗಡಿ ಎಲ್ಲಿಂದ ಬಂತು ಅಂತ ಒಂದ್ಸಲನಾದ್ರೂ ನೋಡಿದ್ಯಾ?" ಎಂದರು. ಅತ್ತೆಯ ಮಾತಿನಲ್ಲಿ ಅರ್ಥವಿದೆಯೆಂದು ಒಪ್ಪಿಕೊಳ್ಳಲು ಸೊಸೆಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು, ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಸಲ ನಾನೇ ಸ್ಪ್ಯಾನರ್ ಹಿಡಿದೆ. ನಟ್ಟು ಬಿಚ್ಚಿ ಫ್ಯಾನನ್ನು ಎಳೆದಾಗ, ಅದರ ಹಿಂದೆ ಶಾಫ್ಟಿನ ಸುತ್ತ ಗಾಳದ ನೈಲಾನ್ ದಾರ ಸುತ್ತಿ ಸುತ್ತಿ ಗಟ್ಟಿಯಾಗಿ ಕೂತಿತ್ತು. ತಿರುಗಿದ ಹಾಗೆಲ್ಲ ಬಿಸಿಯಾಗಿ, ಒಳಕ್ಕೆ ಒತ್ತಿ, ಹೊಸ ಸೀಲಿನ ಅಂಚನ್ನು ನುಣ್ಣಗೆ ಕೊಯ್ದುಹಾಕಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡು "ಹೋದ ಸಲಾನೂ ಇತ್ತು ಅಕ್ಕಾ ಇಂಥದೇ, ಅದರ ಹಿಂದಿನ ಸಲಾನೂ ಇತ್ತು, ಕಸ ಅಂತ ಕಿತ್ತು ನೀರಿಗೇ ಬಿಸಾಕಿದ್ದೆ" ಎಂದ. ಅಯ್ಯೋ ನಿನ್ನ ಮನೆ ಹಾಳಾಗ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಏಕೆಂದರೆ ಅಷ್ಟರಲ್ಲಿ ನಾನು ದಾರದ ಬಣ್ಣ ನೋಡಿದ್ದೆ.

ಕಿತ್ತಳೆ ಬಣ್ಣ, ಮಾನ್ಯರೇ. ಈ ಕಟ್ಟೆಯಲ್ಲಿ ಕಿತ್ತಳೆ ಬಣ್ಣದ ಗಾಳದ ದಾರ ಇರುವುದು ಒಬ್ಬರ ಬಳಿ ಮಾತ್ರ, ಮತ್ತು ಆ ಒಬ್ಬರು ಯಾರೆಂಬುದನ್ನು ನನ್ನ ದೋಣಿ ಹತ್ತಿದವರೆಲ್ಲ ಬಲ್ಲರು, ಏಕೆಂದರೆ ತಾವೇ ಎಲ್ಲರಿಗೂ ಹೇಳಿದ್ದೀರಿ. ಹಡಗಿನಲ್ಲಿ ಕೆಲಸ ಮಾಡುವ ತಮ್ಮ ಭಾವಮೈದುನರು ಅದನ್ನು ಎಲ್ಲಿಂದಲೋ ತಂದುಕೊಟ್ಟದ್ದು, ಊರಿನ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ, "ಇದು ಮಾಮೂಲಿ ದಾರ ಅಲ್ಲಮ್ಮಾ, ತಿಮಿಂಗಿಲ ಕಚ್ಚಿದ್ರೂ ತುಂಡಾಗಲ್ಲ" ಎಂದು ತಾವು ವಿವರಿಸುವಾಗ ನಾನು ಚುಕ್ಕಾಣಿ ಬಿಟ್ಟು ತಲೆಯಾಡಿಸಿದ್ದೇನೆ. ತಮ್ಮ ಮಾತು ಸತ್ಯ: ಮೂರು ಸೀಲು ತುಂಡಾದವು, ದಾರ ತುಂಡಾಗಲಿಲ್ಲ. ಕಚೇರಿ ಮುಗಿಸಿ ತಾವು ಪ್ರತಿದಿನ ಸಂಜೆ ಕಟ್ಟೆಯ ತುದಿಯಲ್ಲಿ, "ಇಲ್ಲಿ ಗಾಳ ಹಾಕುವುದನ್ನು ನಿಷೇಧಿಸಲಾಗಿದೆ" ಎಂದು ತಾವೇ ನೆಡಿಸಿದ ಫಲಕಕ್ಕೆ ಊಟದ ಚೀಲ ನೇತುಹಾಕಿ, ಅದರ ನೆರಳಿನಲ್ಲೇ ಕೂತು ಗಾಳ ಹಾಕುತ್ತೀರಿ. ಗಾಳ ಕಟ್ಟೆಯ ಕಲ್ಲಿಗೆ ಸಿಕ್ಕಿಕೊಂಡಾಗ ಜೇಬಿನ ಚಾಕು ತೆಗೆದು ದಾರ ಕೊಯ್ದು, ಉಳಿದದ್ದನ್ನು ನೀರಿಗೆ ಧಾರೆಯೆರೆದು ಬಿಡುತ್ತೀರಿ. ಆ ನೀರಿನ ಮೇಲೆಯೇ ನನ್ನ ತಾತ ಫ್ಯಾನು ತಿರುಗಿಸಿಕೊಂಡು ದಡಕ್ಕೆ ಬರಬೇಕು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಮೇಲೆ ಹೊಲಕ್ಕೇ ನೋಟೀಸು ಕೊಡುವುದನ್ನು ಈಗ ಕಂಡೆ.

ಆದರೂ ದೊಡ್ಡವರ ಮಾನ ದೊಡ್ಡದೆಂದು, ಆ ದಾರದ ಉಂಡೆಯನ್ನು ಕಾಗದದಲ್ಲಿ ಸುತ್ತಿ, ಯಾರೂ ಇಲ್ಲದ ಹೊತ್ತು ನೋಡಿ ತಮ್ಮ ಕಚೇರಿಗೆ ತಂದು ಮೇಜಿನ ಮೇಲಿಟ್ಟೆ. ಹೊಸ ಸೀಲು ಹಾಕಿಸಿಯಾಗಿದೆ, ಈಗ ಒಂದು ತೊಟ್ಟೂ ಸೋರುತ್ತಿಲ್ಲ, ದಾರವೊಂದು ನೀರಿಗೆ ಬೀಳದಿದ್ದರೆ ಇನ್ನು ಸೋರುವುದೂ ಇಲ್ಲ, ದಯವಿಟ್ಟು ನೋಟೀಸು ವಾಪಸು ತಗೊಳ್ಳಿ ಎಂದು ಬೇಡಿಕೊಂಡೆ. ತಾವು ಉಂಡೆಯನ್ನು ಪೆನ್ನಿನಿಂದ ಆಚೆ ಸರಿಸಿ, "ಕಾರಣ ಕೇಳೋದು ನಮ್ಮ ಕೆಲಸ ಅಲ್ಲಮ್ಮಾ, ಎಣ್ಣೆ ನೋಡೋದಷ್ಟೇ. ಈ ಬಣ್ಣದ ದಾರ ಯಾರ ಹತ್ರ ಬೇಕಾದ್ರೂ ಇರಬಹುದು" ಎಂದಿರಿ. ಇರಬಹುದು, ನಾನು ಒಪ್ಪಿದೆ. ಆದರೆ ಅದೇ ದಿನ ಸಂಜೆ ತಾವು ಕಟ್ಟೆಯ ತುದಿಯಲ್ಲಿ ಬಿಳೀ ದಾರ ಹಾಕಿಕೊಂಡು ಕೂತಿದ್ದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ನಮ್ಮ ಅತ್ತೆ ಜಗಲಿಯಿಂದಲೇ, ನಾಲ್ಕು ಮನೆಗೆ ಕೇಳುವಂತೆ ಅಂದರು. ಅವರಿಗೆ ವಯಸ್ಸಾಗಿದೆ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಾನು ಮಾತ್ರ ಒಳಗೆ ಹೋಗಿ ಕಾಗದ ತೆಗೆದು ಈ ಅರಿಕೆ ಬರೆಯಲು ಕೂತೆ.

ಈಗ ನನ್ನ ಕೋರಿಕೆಗಳು. ತಾವು ಕಾನೂನಿನ ಮುಂದೆ ಯಾರನ್ನೂ ಬೇರೆಯಾಗಿ ನೋಡುವವರಲ್ಲವಾದ್ದರಿಂದ, ದಯಮಾಡಿ ತಮಗೂ ಒಂದು ನೋಟೀಸು ಬರೆದುಕೊಂಡು, ಮೇಜಿನ ಈ ಕಡೆಯಿಂದ ಎದ್ದು ಆ ಕಡೆಗೆ ಹೋಗಿ ಅದನ್ನು ತಾವೇ ಸ್ವೀಕರಿಸಬೇಕು. ಸೋಮವಾರ ನನ್ನ ವಿಚಾರಣೆಗೆ ಮುಂಚೆ ತಮ್ಮ ವಿಚಾರಣೆಯನ್ನು ನಡೆಸಿ, ತಮ್ಮ ಪ್ರಶ್ನೆಗೆ ತಮ್ಮ ಉತ್ತರ ತೃಪ್ತಿಕರವಾಗಿಲ್ಲವೆಂದು ತಮ್ಮನ್ನು ಗದರಿಸಬೇಕು, ಗದರಿಸುವಾಗ ನನ್ನ ಮೇಲೆ ಎತ್ತುವ ದನಿಯನ್ನೇ ಎತ್ತಬೇಕು. ಅದಾಗದಿದ್ದರೆ ನೀರಿನಲ್ಲಿರುವ ಮೀನುಗಳನ್ನು ಸಾಕ್ಷಿಗೆ ಕರೆಸಬೇಕು. ಬಾಯಿಯಲ್ಲಿ ತಮ್ಮ ಗಾಳವನ್ನು ಇನ್ನೂ ಸಿಕ್ಕಿಸಿಕೊಂಡು ತಿರುಗುತ್ತಿರುವವು ಕೆಲವಿರಬಹುದು. ಅದೂ ಕಷ್ಟವೆಂದಾದರೆ, ತಾತನ ಪಾದಕ್ಕೆ ಕಣ್ಣು ಇಡಿಸಿಕೊಡಿ, ತಮ್ಮ ದಾರ ಎಲ್ಲಿ ಬಿದ್ದಿದೆಯೆಂದು ನೋಡಿಕೊಂಡು ಸುತ್ತು ಹಾಕಿ ಬರಲಿ. ಇಷ್ಟರಲ್ಲಿ ಯಾವುದೂ ಆಗದು ಎಂದು ನನಗೂ ಗೊತ್ತು. ಆಗುವಂಥ ಒಂದನ್ನು ಕೇಳಿದ್ದೆ, ಅದನ್ನು ತಾವು ಪೆನ್ನಿನಿಂದ ಆಚೆ ಸರಿಸಿದಿರಿ.

ಸೋಮವಾರ ಬೆಳಗ್ಗೆ ಎಂದಿನಂತೆ ಆಚೆ ದಡಕ್ಕೆ ಬಂದು ತಮ್ಮನ್ನು ಕಾಯುತ್ತೇನೆ, ಏಕೆಂದರೆ ನನ್ನ ಪರವಾನಗಿ ರದ್ದುಪಡಿಸಲು ತಾವು ನನ್ನ ದೋಣಿಯಲ್ಲೇ ಬರಬೇಕು, ಬೇರೆ ದೋಣಿ ಇಲ್ಲ. ಹಲಗೆ ಒರೆಸಿ ಇಟ್ಟಿರುತ್ತೇನೆ, ಒಂದು ಹನಿ ನೀರೂ ತಮ್ಮ ಬೂಟಿಗೆ ತಾಗದಂತೆ ದಾಟಿಸುತ್ತೇನೆ. ತಾವು ಆದೇಶಕ್ಕೆ ಸಹಿ ಹಾಕಿದ ಕ್ಷಣದಿಂದ ಮಾತ್ರ, ಪರವಾನಗಿಯಿಲ್ಲದೆ ಎಂಜಿನ್ನಿನ ಹಗ್ಗ ಮುಟ್ಟುವಂಥ ಕಾನೂನುಬಾಹಿರ ಕೆಲಸಕ್ಕೆ ನಾನು ಪ್ರಾಣ ಹೋದರೂ ಕೈ ಹಾಕುವವಳಲ್ಲ. ಆದ್ದರಿಂದ ಸಂಜೆ ತಾವು ಮನೆಗೆ ಹೋಗುವುದು ಹೇಗೆಂಬುದನ್ನೂ ಅದೇ ಆದೇಶದಲ್ಲಿ ಒಂದು ಸಾಲು ಸೇರಿಸಿಕೊಂಡರೆ ತಮಗೇ ಅನುಕೂಲ.

ಸಹಿ ಬೀಳುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ದೋಣಿಯವಳು

ಮರೆತ ಮಾತು: ತಾವು ಹಿಡಿದ ಮೀನಿನ ರುಚಿಯನ್ನು ತಾವು ದೋಣಿಯಲ್ಲಿ ಹೊಗಳುವುದನ್ನು ಕೇಳಿ ನನಗೆ ಆಶ್ಚರ್ಯವಾಗುತ್ತಿತ್ತು, ಎಣ್ಣೆ ಕುಡಿದ ಮೀನಿಗೆ ಅಂಥ ರುಚಿ ಎಲ್ಲಿಂದ ಬಂತೆಂದು. ನಿನ್ನೆ ತಮ್ಮ ಮನೆಯವರು ನನ್ನ ದೋಣಿಯಲ್ಲಿ ಪೇಟೆಗೆ ಬಂದವರು ವಿಷಯ ಹೇಳಿದರು: "ಇವರು ತರೋದೆಲ್ಲ ಸೀಮೆಎಣ್ಣೆ ನಾತ ಅಕ್ಕಾ, ಬೆಕ್ಕೂ ಮೂಸಲ್ಲ. ಬಿಸಾಕಿಬಿಟ್ಟು ಪೇಟೆ ಮೀನು ಹುರಿದು ಬಡಿಸ್ತೀನಿ, ನಾನು ಹಿಡಿದಿದ್ದು ಅಂತ ಬೆರಳು ಚೀಪ್ಕೊಂಡು ತಿಂತಾರೆ, ಪಾಪ." ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದು ಕೇಳಿಕೊಂಡಿದ್ದಾರೆ, ಈ ಕಂಬಕ್ಕೆ ಬಿಟ್ಟು ಇನ್ನಾರಿಗೂ ನಾನು ಹೇಳಿಲ್ಲ. ದೋಣಿ ನಿಂತ ಮೇಲೆ ಅವರು ಪೇಟೆಗೆ ಬರಲಾರರು. ತಾವು ಈಜಿಯೋ ತೇಲಿಯೋ ಮನೆ ಸೇರಿಕೊಂಡರೂ, ಮಂಗಳವಾರದಿಂದ ತಮ್ಮ ತಟ್ಟೆಗೆ ಬೀಳುವುದು ತಾವೇ ಹಿಡಿದ ಮೀನು.