ಜಿಪ್ಪಣ್ಣನ ಸರ್ವವ್ಯಾಪಿ ಬೋರ್ಡು

ಎದುರಂಗಡಿಯವನು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ‘ವೈಡ್ ರೇಂಜ್’ ಎಂದು ಬರೆಸಿದ ದಿನದಿಂದ ಜಿಪ್ಪಣ್ಣನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಜಿಪ್ಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಪ್ರೀತಿಯಿಂದ ಅಂಟಿಸಿದ್ದು. ಚೀಲವೋ ಜಾಕೆಟ್ಟೋ ಸೂಟ್‌ಕೇಸೋ, ಯಾವುದರ ಜಿಪ್ಪು ಹಲ್ಲು ಕಿರಿದರೂ ಅವನ ಕೈ ತಾಗಿದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿತ್ತು. ಜಿಪ್ಪು ಬಿಟ್ಟರೆ ಬೇರೇನನ್ನೂ ಅವನು ಮುಟ್ಟುತ್ತಿರಲಿಲ್ಲ. ಅಂಗಿಗೆ ಗುಂಡಿ ಹಾಕಿಕೊಡಿ ಎಂದರೂ “ಅದು ಬೇರೆ ಇಲಾಖೆ” ಎನ್ನುತ್ತಿದ್ದ. ಕಾಲು ಚಾಚಲೂ ಆಗದ ಆ ಗೂಡಂಗಡಿಯಲ್ಲಿ ಅವನೇ ಸಾರ್ವಭೌಮ. ಅಂಥವನ ಎದುರಿಗೆ ಬ್ಯಾಗ್ ಡಾಕ್ಟರ್ ಬಂದು ಕೂತು (ಆ ಪದವಿಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡಿದ್ದ), ಜಿಪ್ಪು, ಹಿಡಿ, ಗಾಲಿ ಎಲ್ಲವನ್ನೂ ನೋಡುತ್ತೇನೆಂದು ಬೋರ್ಡು ಹಾಕಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಪುಣ್ಯಕ್ಕೆ ಮನೆಯಲ್ಲೇ ಇಂಗ್ಲಿಷಿನ ಗಣಿ ಇತ್ತು. ಹೆಂಡತಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುವ ಟೀಚರಮ್ಮ.

“ವೈಡ್‌ಗಿಂತ ದೊಡ್ಡದು ಯಾವುದಿದೆ?” ಎಂದ ಜಿಪ್ಪಣ್ಣ.

“ಅದೇನು ಚಪ್ಪಲಿ ಸೈಜಾ, ಒಂದು ನಂಬರ್ ದೊಡ್ಡದು ಕೊಡೋಕೆ? ಬ್ರಾಡ್ ಅಂತ ಇದೆ.”

“ಸಾಲಲ್ಲ. ಇನ್ನೂ ಅಗಲ ಬೇಕು.”

“ಎಕ್ಸ್‌ಟೆನ್ಸಿವ್.”

“ಹೂಂ, ಇದರಲ್ಲಿ ಸ್ವಲ್ಪ ಗಾಳಿ ಆಡುತ್ತೆ. ಅದರ ಮೇಲಿನದು?”

“ಕಾಂಪ್ರಿಹೆನ್ಸಿವ್. ಅಂದ್ರೆ ಒಂದನ್ನೂ ಬಿಡದೆ ಎಲ್ಲಾನೂ ಸೇರಿಸ್ಕೊಂಡಿದ್ದು. ಅದಕ್ಕೂ ಸಮಾಧಾನ ಆಗ್ಲಿಲ್ಲ ಅಂದ್ರೆ ಆಲ್ ಎನ್‌ಕಂಪಾಸಿಂಗ್, ಕಣ್ಣಿಗೆ ಕಂಡಿದ್ದನ್ನೆಲ್ಲ ಬಾಚಿ ತಬ್ಕೊಳ್ಳೋದು. ಆದ್ರೆ ನೋಡಿ, ಒಂದೇ ಒಂದು ಆರಿಸ್ಕೊಳ್ಳಿ. ಎಷ್ಟು ದೊಡ್ಡ ಮಾತು ಹಾಕ್ತೀರೋ ಅಷ್ಟು ಕೆಲಸಾನೂ ಹುಡುಕ್ಕೊಂಡು ಬರುತ್ತೆ.”

ಕೊನೆಯ ಮಾತು ಬಾಗಿಲಿಗೆ ಬಿತ್ತು. ಜಿಪ್ಪಣ್ಣ ಆಗಲೇ ನಾಲ್ಕನ್ನೂ ಜಪಿಸುತ್ತ ಬೋರ್ಡು ಬರೆಯುವವನ ಮನೆಯ ದಾರಿ ಹಿಡಿದಿದ್ದ.

ಬೋರ್ಡು ಬರೆಯುವವನದು ಒಂದು ವಿಚಿತ್ರ ಪದ್ಧತಿ. ಅಳತೆ ಹಾಕುವುದು ಕಲಾವಿದನಿಗೆ ಅವಮಾನವೆಂದು ಅವನ ನಂಬಿಕೆ. ಮೊದಲ ಅಕ್ಷರವನ್ನು ಆನೆಯಷ್ಟು ಬರೆದು, ಜಾಗ ಮುಗಿಯುತ್ತ ಬಂದಂತೆ ಕೊನೆಯ ಅಕ್ಷರಗಳನ್ನು ಇರುವೆಗಳ ಹಾಗೆ ಒತ್ತೊತ್ತಾಗಿ ಸಾಲು ನಿಲ್ಲಿಸುತ್ತಿದ್ದ. ಬ್ರಾಡ್, ಎಕ್ಸ್‌ಟೆನ್ಸಿವ್, ಕಾಂಪ್ರಿಹೆನ್ಸಿವ್, ಆಲ್ ಎನ್‌ಕಂಪಾಸಿಂಗ್ ಎಲ್ಲ ಕೂತು, ರಿಪೇರಿ ಎಂಬುದು ಮೂಲೆಯಲ್ಲಿ ಮುದುಡಿಕೊಳ್ಳುವಷ್ಟರಲ್ಲಿ ಹಲಗೆಯೇ ಮುಗಿಯಿತು.

“ಜಿಪ್ಪು ಎಲ್ಲಿ?” ಎಂದು ಕೇಳಿದ ಜಿಪ್ಪಣ್ಣ.

“ಜಾಗ ಇಲ್ಲ ಅಣ್ಣ. ನೀವು ಜಿಪ್ಪು ಮಾಡೋದು ಲೋಕಕ್ಕೇ ಗೊತ್ತು. ಅದನ್ನ ಬೇರೆ ಬರೀಬೇಕಾ?”

ಲೋಕಕ್ಕೇ ಗೊತ್ತು ಎಂದ ಮೇಲೆ ಜಿಪ್ಪಣ್ಣ ಉಬ್ಬಿಹೋದ. ಬೋರ್ಡು ಏರಿತು.

ಮರುದಿನ ಬೆಳಿಗ್ಗೆ ಒಬ್ಬ ಅಜ್ಜ ಸೀಲಿಂಗ್ ಫ್ಯಾನು ಹೊತ್ತು ತಂದ. ಅವನ ಹಿಂದೆಯೇ ಮಗುವಿನ ತಳ್ಳುಗಾಡಿ ಬಂತು, ಕತ್ತು ಮುರಿದ ಗಿಟಾರು ಬಂತು, ಯಾವುದೋ ಫ್ರಿಜ್ಜಿನ ಬಾಗಿಲು ಬಂತು. ಇದು ಬೇರೆ ಇಲಾಖೆ ಎನ್ನೋಣವೆಂದರೆ ತಲೆಯ ಮೇಲೆ ಇಂಗ್ಲಿಷು ಹಲ್ಲು ಕಿರಿಯುತ್ತಿದೆ, ಎದುರಿಗೆ ಡಾಕ್ಟರ್ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾನೆ. “ಅಲ್ಲೇ ಇಡಿ, ನೋಡೋಣ” ಎನ್ನುವುದನ್ನು ಬಿಟ್ಟು ಅವನ ಬಾಯಿಗೆ ಬೇರೆ ಮಾತೇ ಬರಲಿಲ್ಲ. ಅಂಗಡಿಯಲ್ಲಿ ಹಿಡಿಸದ್ದೆಲ್ಲ ಮನೆ ಸೇರಿತು.

“ನಿನ್ನ ಹೆಂಡ್ತಿ ಕಲಿಸಿದ ಇಂಗ್ಲಿಷು ನಡುಮನೆ ತುಂಬಿದೆ ಕಣೋ” ಎಂದಳು ಅವನ ತಾಯಿ, ಫ್ಯಾನಿನ ರೆಕ್ಕೆಗಳ ನಡುವಿನಿಂದ. “ನಾನೀಗ ಕಾಲು ಚಾಚೋದು ಯಾವ ದೇಶದಲ್ಲಿ?”

“ಕಲಿಸಿದ್ದು ನಾಲ್ಕು ಅತ್ತೆ, ಒಂದನ್ನ ಆರಿಸ್ಕೊಳ್ಳಿ ಅಂದಿದ್ದೆ” ಎಂದಳು ಟೀಚರಮ್ಮ, ತಳ್ಳುಗಾಡಿಯಲ್ಲಿ ಪಾತ್ರೆ ತುಂಬಿಕೊಂಡು ಒಲೆಯ ಕಡೆ ತಳ್ಳುತ್ತ.

ಜಿಪ್ಪು ಕೆಟ್ಟವರು ಮಾತ್ರ ಬರಲಿಲ್ಲ. ಬಂದರೂ ಬೋರ್ಡು ನೋಡಿ, ಇಷ್ಟು ದೊಡ್ಡ ಮನುಷ್ಯರಿಗೆ ಜಿಪ್ಪಿನ ತೊಂದರೆ ಕೊಡುವುದೇ ಎಂದುಕೊಂಡು ರಸ್ತೆ ದಾಟುತ್ತಿದ್ದರು. ಜಿಪ್ಪಣ್ಣನಿಗೆ ಸಂಕಟವಾಗುತ್ತಿತ್ತು. ಆದರೂ ಊರೇ ಮರೆತರೂ ತನ್ನ ಮನೆಯ ಜಿಪ್ಪುಗಳು ತನ್ನವೇ ಎಂಬುದೊಂದು ಧೈರ್ಯ ಉಳಿದಿತ್ತು.

ಒಂದು ಸಂಜೆ ಪೆನ್ನಿಗಾಗಿ ಹೆಂಡತಿಯ ಕೈಚೀಲ ತೆರೆದ. ಜಿಪ್ಪು ಬೆಣ್ಣೆಯ ಹಾಗೆ ಜಾರಿತು. ಬೆಳಕಿಗೆ ಹಿಡಿದ. ಎಳೆಯುವ ತುಂಡು ತನ್ನದಲ್ಲ, ಅಂಚಿನ ಹೊಲಿಗೆಯೂ ತನ್ನದಲ್ಲ.

“ಇದು ಯಾರ ಕೈ?”

ಟೀಚರಮ್ಮ ಉತ್ತರಪತ್ರಿಕೆಗಳಿಂದ ತಲೆ ಎತ್ತಲಿಲ್ಲ. “ಯಾವುದು?”

“ನನ್ನ ಮುಖ ನೋಡಿ ಹೇಳು.”

“ಎದುರಂಗಡಿ.”

“ಎಷ್ಟು ದಿನದಿಂದ ನಡೀತಿದೆ ಇದು?”

“ಒಂದೇ ಸಲ ಮಾರಾಯ್ರೇ. ಮೊದಲು ನಿಮ್ಮನ್ನೇ ಕೇಳಿದ್ದೆ. ‘ನಾನೀಗ ವಿಶಾಲ ಕೆಲಸದಲ್ಲಿದ್ದೀನಿ, ಚಿಲ್ಲರೆ ಕೆಲಸ ಆಮೇಲೆ’ ಅಂದ್ರಿ. ಚೀಲ ಬಾಯಿ ಕಳ್ಕೊಂಡು ಎಷ್ಟು ದಿನ ಶಾಲೆಗೆ ಹೋಗ್ಲಿ?”

ತಾಯಿ ಫ್ಯಾನಿನ ಹಿಂದಿನಿಂದ ಕಿಸಕ್ಕೆಂದಳು. ಜಿಪ್ಪಣ್ಣನಿಗೆ ನಿಜಕ್ಕೂ ಅಳು ಬಂತು. ಪರಕೀಯ ಜಿಪ್ಪನ್ನು ಆ ಕ್ಷಣವೇ ಕಿತ್ತು ತನ್ನದೊಂದನ್ನು ಕೂರಿಸಿದ. ಆದರೆ ಅವನ ಮುದ್ದಿನ ಸಣ್ಣ ಇಕ್ಕಳ ಫ್ಯಾನಿನ ಬೋಲ್ಟು ತಿರುವಿ ತಿರುವಿ ಬಾಯಿ ಸೊಟ್ಟ ಮಾಡಿಕೊಂಡಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಜಿಪ್ಪು ಬೆರಳು ತೂರುವಷ್ಟೂ ತೆರೆಯದೆ ಕಚ್ಚಿಕೊಂಡು ಕೂತಿತು. ಒಳಗೆ ಟೀಚರಮ್ಮನ ಕನ್ನಡಕ, ತರಗತಿಯ ಬೀಗದ ಕೈ. ಅವಳು ಗಂಡನ ಮುಖ ನೋಡಿದಳು. ಜಿಪ್ಪಣ್ಣ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ತಾನೇ ರಸ್ತೆ ದಾಟಿದ. ಅವಳು ಹಿಂದೆ ನಡೆದಳು.

ಬ್ಯಾಗ್ ಡಾಕ್ಟರ್ ಎದ್ದು ನಿಂತ. “ಬನ್ನಿ ಗುರುಗಳೇ.” ಎರಡು ಸಲ ಒತ್ತಿ, ಒಂದು ಸಲ ಎಳೆದು ಚೀಲ ಸರಿಮಾಡಿ ಕೊಟ್ಟ. “ನಿಮ್ಮ ಜಿಪ್ಪೆಲ್ಲ ಈಗ ಇಲ್ಲಿಗೇ ಬರ್ತಿದೆ. ಕೈಗೆ ಬಿಡುವಿಲ್ಲ. ಹಿಡಿ, ಗಾಲಿ ಎಲ್ಲ ಬಿಟ್ಟುಬಿಟ್ಟೆ. ಬೋರ್ಡೂ ಬದಲಾಯಿಸ್ತಿದ್ದೀನಿ.”

ಗೋಡೆಗೆ ಒರಗಿದ್ದ ಹೊಸ ಹಲಗೆಯ ತುಂಬ ಒಂದೇ ಪದವಿತ್ತು: ಜಿಪ್. ಅಕ್ಷರಗಳು ಆರಾಮಾಗಿ ಕೈಕಾಲು ಚಾಚಿ ಮಲಗಿದ್ದವು.

“ಒಂದು ಉಪಕಾರ ಆಗ್ಬೇಕಿತ್ತು” ಎಂದ ಡಾಕ್ಟರ್ ಸಂಕೋಚದಿಂದ. “ಈ ಫ್ಯಾನು ಕಿರಗುಟ್ಟುತ್ತೆ. ನಂಗೆ ಅದೆಲ್ಲ ಬರಲ್ಲ. ನೀವು ಎಲ್ಲಾ ಮಾಡ್ತೀರಲ್ಲ…”

ಬರುವುದಿಲ್ಲ ಎಂದು ಹೇಳಲು ಜಿಪ್ಪಣ್ಣ ಬಾಯಿ ತೆರೆದ.

“ಮಾಡ್ತಾರೆ, ಮಾಡ್ತಾರೆ” ಎಂದಳು ಟೀಚರಮ್ಮ. “ಕಾಂಪ್ರಿಹೆನ್ಸಿವ್ ಆಗಿ ಮಾಡ್ತಾರೆ.” ಚೀಲದ ಜಿಪ್ಪನ್ನು ಒಂದು ಸಲ ಸರ್ರನೆ ಎಳೆದು ನೋಡಿ, ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡು ಶಾಲೆಯ ಕಡೆ ಹೊರಟಳು.

ಅವಳ ನಗು ತಿರುವಿನವರೆಗೂ ಕೇಳಿಸಿತು. ಅದನ್ನು ಕೇಳಿ ಜಿಪ್ಪಣ್ಣನಿಗೂ ನಗು ಬಂತು. ಸ್ಟೂಲು ಹತ್ತಿದ. ಅಲ್ಲಿಂದ ಅವನ ಬೋರ್ಡು ತುದಿಯಿಂದ ತುದಿಗೆ ಕಾಣುತ್ತಿತ್ತು. ಅದರ ಕೆಳಗೆ ಇಬ್ಬರು ಬಟ್ಟೆ ಒಗೆಯುವ ಯಂತ್ರವೊಂದನ್ನು ಇಳಿಸಿ, ಅತ್ತಿತ್ತ ನೋಡುತ್ತಿದ್ದರು.

“ಅಲ್ಲೇ ಇಡಿ,” ಎಂದು ಜಿಪ್ಪಣ್ಣ ಸ್ಟೂಲಿನ ಮೇಲಿನಿಂದಲೇ ಕೂಗಿದ, “ನೋಡೋಣ.”